ನೇವಿಯಲ್ಲಿ ಅಡುಗೆ ಕೆಲಸ: ಉಡುಪಿ, ಮಂಗಳೂರಿನ ಹುಡುಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಟಪಾಡಿಯವನು. ನೌಕಾಪಡೆಯ ಅಡುಗೆಮನೆಯಲ್ಲಿ 21 ವರ್ಷ ದುಡಿದು ಊರಿಗೆ ಬಂದವನು. ಈಗ ಬೆಳಗ್ಗೆ ಮಲ್ಪೆ ಬೀಚಿಗೆ ವಾಕಿಂಗ್ ಹೋಗುತ್ತೇನೆ. ಅಲ್ಲಿ ಮರಳಿನ ಮೇಲೆ ಓಟ ಅಭ್ಯಾಸ ಮಾಡುವ ಹುಡುಗರು ಸಿಗುತ್ತಾರೆ. ಯಾರೋ ಒಬ್ಬ ಬಂದು "ಮಾಮ, ನೇವಿಯಲ್ಲಿ ಕುಕ್ ಆಗಿದ್ರಂತೆ ಅಲ್ವಾ?" ಅಂತ ಶುರು ಮಾಡುತ್ತಾನೆ. ಆಮೇಲೆ ಪ್ರಶ್ನೆಗಳ ಸಾಲು. ಹುಡುಗರು ಬದಲಾದರೂ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ನೇವಿಯ ಕುಕ್ ನಿಜವಾಗಿ ಸೈನಿಕನಾ? ಅಥವಾ ಸಮವಸ್ತ್ರ ಹಾಕಿದ ಅಡುಗೆಯವನಾ?

ಮೊದಲು ನಾವಿಕ, ಆಮೇಲೆ ಅಡುಗೆಯವನು. ಎಲ್ಲ ಪ್ರಶ್ನೆಗಳಿಗಿಂತ ಮುಂಚೆ ಇದು ತಲೆಯಲ್ಲಿ ಕೂತಿರಬೇಕು.

ಪರೇಡ್, ಈಜು, ಬಂದೂಕು ತರಬೇತಿ ಎಲ್ಲವೂ ನಿಮಗೂ ಇದೆ. ಹಡಗಿನಲ್ಲಿ ಆ್ಯಕ್ಷನ್ ಸ್ಟೇಷನ್ ಅಂತ ಒಂದು ಪದ್ಧತಿ ಇದೆ. ಅಲಾರಂ ಹೊಡೆದ ಕೂಡಲೇ ಪ್ರತಿಯೊಬ್ಬನೂ ತನಗೆ ಗೊತ್ತುಮಾಡಿದ ಜಾಗಕ್ಕೆ ಓಡಬೇಕು. ಕುಕ್‌ಗಳಿಗೆ ಸಾಮಾನ್ಯವಾಗಿ ಬೆಂಕಿ ಆರಿಸುವ ತಂಡ, ಪ್ರಥಮ ಚಿಕಿತ್ಸೆಯ ತಂಡ, ಗುಂಡು ಸಾಗಿಸುವ ಕೆಲಸ ಇರುತ್ತದೆ. ಒಲೆ ಮೇಲೆ ಬೇಳೆ ಕುದಿಯುತ್ತಿರಲಿ, ಸ್ವಿಚ್ ಆರಿಸಿ ಓಡುವುದೇ.

1971ರ ಡಿಸೆಂಬರ್ 9ರಂದು ದೀವ್ ಹತ್ತಿರ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಟಾರ್ಪಿಡೊ ಬಡಿದಾಗ ಬ್ರಿಡ್ಜಿನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ ನಿಂತವನಿಗೂ ಅಡುಗೆಮನೆಯಲ್ಲಿ ನಿಂತವನಿಗೂ ಕಡಲು ಒಂದೇ.

ಹೊರದೇಶದ ಒಂದು ಕಥೆಯನ್ನೂ ನಾನು ಹುಡುಗರಿಗೆ ಹೇಳುವುದುಂಟು. ಅಮೆರಿಕದ ನೇವಿಯಲ್ಲಿ ಡೋರಿಸ್ ಮಿಲ್ಲರ್ ಅಂತ ಒಬ್ಬ ಕಪ್ಪು ಜನಾಂಗದ ನಾವಿಕ ಇದ್ದ. ಆ ಕಾಲದಲ್ಲಿ ಅಲ್ಲಿ ಕಪ್ಪು ಜನರಿಗೆ ಊಟದ ಮೆಸ್ಸಿನ ಕೆಲಸ ಬಿಟ್ಟು ಬೇರೆ ಕೆಲಸ ಸಿಗುವುದೇ ಕಷ್ಟ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿ ಆಯಿತು. ಅವನು ಗಾಯಾಳುಗಳನ್ನು ಎತ್ತಿ ಸಾಗಿಸಿದ. ಆಮೇಲೆ ಯಾರೂ ಕಲಿಸದ ಮೆಷಿನ್ ಗನ್ ಹಿಡಿದು ವಿಮಾನಗಳತ್ತ ಗುಂಡು ಹಾರಿಸಿದ. ಮರುವರ್ಷ ಅವನಿಗೆ ನೇವಿ ಕ್ರಾಸ್ ಪದಕ ಬಂತು. ತಮ್ಮ ಒಂದು ಹೊಸ ವಿಮಾನವಾಹಕ ನೌಕೆಗೆ ಅವನ ಹೆಸರು ಇಡುವುದಾಗಿ 2020ರಲ್ಲಿ ಪ್ರಕಟಿಸಿದರು.

ಯಾವ ಹೆಸರಿನಲ್ಲಿ ಅರ್ಜಿ ಕರೆಯುತ್ತಾರೆ? ಎಷ್ಟು ಓದಿರಬೇಕು?

ಅಗ್ನಿವೀರ್ ಎಂಆರ್ ಅಂತ ಕರೆಯುತ್ತಾರೆ. ಅಗ್ನಿವೀರ್ ಅಂದರೆ ನಾಲ್ಕು ವರ್ಷದ ಅವಧಿಗೆ ಸೇರುವವನು. ಎಂಆರ್ ಅಂದರೆ ಮೆಟ್ರಿಕ್ ರಿಕ್ರೂಟ್. ಹತ್ತನೇ ತರಗತಿಯಲ್ಲಿ ಕನಿಷ್ಠ ಶೇಕಡಾ 50 ಅಂಕ ಇರಬೇಕು. ವಯಸ್ಸು ಹದಿನೇಳೂವರೆಯಿಂದ 21. ಮದುವೆ ಆಗಿರಬಾರದು. ಗಂಡುಮಕ್ಕಳಿಗೆ ಎತ್ತರ 157 ಸೆಂಟಿಮೀಟರ್.

ಇದರೊಳಗೆ ಮೂರು ಕೆಲಸಗಳಿವೆ: ಶೆಫ್, ಸ್ಟೀವರ್ಡ್, ಹೈಜೀನಿಸ್ಟ್. ನಮ್ಮ ಕಾಲದ ಕುಕ್ಕನ್ನೇ ಈಗ ಶೆಫ್ ಅನ್ನುತ್ತಾರೆ. ಸ್ಟೀವರ್ಡ್ ಅಂದರೆ ಅಧಿಕಾರಿಗಳ ಮೆಸ್ಸಿನಲ್ಲಿ ಬಡಿಸುವುದು, ಕೋಣೆ ನೋಡಿಕೊಳ್ಳುವುದು, ಅಲ್ಲಿನ ಲೆಕ್ಕ ಇಡುವುದು. ಹೈಜೀನಿಸ್ಟ್ ಅಂದರೆ ಶೌಚಾಲಯ, ಸ್ನಾನದ ಮನೆಯ ಸ್ವಚ್ಛತೆ. ಯಾವುದು ಸಿಗುತ್ತದೆ ಅನ್ನುವುದು ನೇವಿಯ ಅಗತ್ಯದ ಮೇಲೆ ನಿಂತಿದೆ. ಶೆಫ್ ಬಿಟ್ಟು ಬೇರೆ ಒಲ್ಲೆ ಅನ್ನುವವರು ಅರ್ಜಿ ಹಾಕುವ ಮುಂಚೆಯೇ ಯೋಚಿಸಿ.

ಮಣಿಪಾಲದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದರೆ ಸುಲಭವಾ ಅಂತ ಕೇಳುತ್ತಾರೆ. ಈ ಭರ್ತಿಗೆ ಆ ಪದವಿ ಬೇಡ. ಓದಿದ್ದು ಕೈಯಲ್ಲಿದ್ದರೆ ಕೆಲಸಕ್ಕೆ ಬಂದೇ ಬರುತ್ತದೆ, ಅಷ್ಟೆ.

ಪರೀಕ್ಷೆ ಹೇಗಿರುತ್ತದೆ?

ಮೊದಲು ಕಂಪ್ಯೂಟರ್ ಪರೀಕ್ಷೆ. ಎಂಆರ್‌ಗೆ 50 ಪ್ರಶ್ನೆ, 30 ನಿಮಿಷ. ಗಣಿತ, ವಿಜ್ಞಾನ, ಸಾಮಾನ್ಯ ಜ್ಞಾನ, ಎಲ್ಲ ಹತ್ತನೇ ತರಗತಿ ಮಟ್ಟದ್ದು. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಅದರಲ್ಲಿ ಪಾಸಾದವರಿಗೆ ದೇಹದಾರ್ಢ್ಯ ಪರೀಕ್ಷೆ, ಇನ್ನೊಂದು ಲಿಖಿತ ಪರೀಕ್ಷೆ, ವೈದ್ಯಕೀಯ ತಪಾಸಣೆ.

ಗಂಡುಮಕ್ಕಳು 1.6 ಕಿಲೋಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಜೊತೆಗೆ ಬಸ್ಕಿ, ಪುಷ್ ಅಪ್, ಸಿಟ್ ಅಪ್ ಇರುತ್ತವೆ. ಮಲ್ಪೆಯ ಒದ್ದೆ ಮರಳಿನಲ್ಲಿ ಅಭ್ಯಾಸ ಮಾಡಿದವರಿಗೆ ಮೈದಾನದ ಓಟ ಹಗುರ ಅನಿಸುತ್ತದೆ. ಆದರೆ ವಾರಕ್ಕೆ ಎರಡು ದಿನವಾದರೂ ಗಟ್ಟಿ ನೆಲದಲ್ಲಿ ಗಡಿಯಾರ ಹಿಡಿದು ಓಡಿ. ಮರಳಿನ ಸಮಯವೇ ಬೇರೆ, ಟ್ರ್ಯಾಕಿನ ಸಮಯವೇ ಬೇರೆ.

ಪ್ರತಿ ಬ್ಯಾಚಿಗೂ ಹೊಸ ಪ್ರಕಟಣೆ ಬರುತ್ತದೆ. ಹುಟ್ಟಿದ ದಿನಾಂಕದ ಮಿತಿ ಅದರಲ್ಲೇ ಇರುತ್ತದೆ. ಅದನ್ನು ನೇವಿಯ ಭರ್ತಿ ವೆಬ್‌ಸೈಟಿನಲ್ಲೇ ಓದಿ, ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ. ಕಾಲೇಜಿನಲ್ಲಿ ಇರುವವರು ಎನ್‌ಸಿಸಿಯ ನೌಕಾ ವಿಭಾಗ ಸೇರಿ. ಮಂಗಳೂರಿನಲ್ಲೂ ಇದೆ, ಉಡುಪಿಯಲ್ಲೂ ಇದೆ. ದೋಣಿ ಹುಟ್ಟು ಹಾಕುವುದು, ಗಂಟು ಕಟ್ಟುವುದು, ಪರೇಡು ಎಲ್ಲ ಅಲ್ಲೇ ಕೈಗೆ ಹತ್ತುತ್ತದೆ.

ನಾವು ಸಸ್ಯಾಹಾರಿಗಳು. ಮಾಂಸ, ಮೀನು ಮುಟ್ಟಲೇಬೇಕಾ?

ಮುಟ್ಟಲೇಬೇಕು. ಶೆಫ್ ಕೆಲಸದ ವಿವರದಲ್ಲೇ ಸಸ್ಯಾಹಾರ, ಮಾಂಸಾಹಾರ ಎರಡನ್ನೂ ಮಾಡಬೇಕು, ಮಾಂಸ ಕೈಯಲ್ಲಿ ಹಿಡಿಯಬೇಕು ಅಂತ ಸ್ಪಷ್ಟವಾಗಿ ಬರೆದಿರುತ್ತಾರೆ. ತಿನ್ನಬೇಕು ಅಂತ ಯಾರೂ ಬಲವಂತ ಮಾಡುವುದಿಲ್ಲ. ಕತ್ತರಿಸಬೇಕು, ತೊಳೆಯಬೇಕು, ಬೇಯಿಸಬೇಕು.

ನನ್ನ ಬ್ಯಾಚಿನಲ್ಲಿ ಒಬ್ಬ ಪುರೋಹಿತರ ಮನೆಯ ಹುಡುಗ ಇದ್ದ. ಮೊದಲ ಸಲ 40 ಕಿಲೋ ಕೋಳಿ ಮುಂದಿಟ್ಟಾಗ ಅವನ ಕಣ್ಣಲ್ಲಿ ನೀರು. ಮೂರು ತಿಂಗಳಲ್ಲಿ ನಮಗೆಲ್ಲರಿಗಿಂತ ಚೆನ್ನಾಗಿ ಚಿಕನ್ ಕರಿ ಮಾಡುತ್ತಿದ್ದ. ಒಂದು ಚಮಚವೂ ರುಚಿ ನೋಡದೆ, ಬರೀ ವಾಸನೆಯಲ್ಲಿ ಉಪ್ಪು ಹೇಳುತ್ತಿದ್ದ. ಆದರೆ ಎಲ್ಲರಿಗೂ ಅದು ಆಗುವುದಿಲ್ಲ. ಮನಸ್ಸು ಒಪ್ಪದಿದ್ದರೆ ಈ ಕೆಲಸಕ್ಕೆ ಬರಬೇಡಿ. ಒಳಗೆ ಬಂದು ದಿನವೂ ನರಳುವುದಕ್ಕಿಂತ ಮೊದಲೇ ಮನೆಯಲ್ಲಿ ಕೂತು ಮಾತಾಡುವುದು ಒಳ್ಳೆಯದು.

ತರಬೇತಿ ಎಲ್ಲಿ?

ಮೊದಲು ಒಡಿಶಾದ ಐಎನ್‌ಎಸ್ ಚಿಲ್ಕಾ. ಚಿಲಿಕಾ ಸರೋವರದ ದಡದಲ್ಲಿದೆ. ಅಲ್ಲಿ ನಿಮ್ಮನ್ನು ನಾವಿಕ ಮಾಡುತ್ತಾರೆ, ಒಲೆಯ ಕಡೆ ಕಳಿಸುವುದಿಲ್ಲ. ಆಮೇಲೆ ಮುಂಬೈ ಮಲಾಡಿನ ಐಎನ್‌ಎಸ್ ಹಮ್ಲಾ. ಲಾಜಿಸ್ಟಿಕ್ಸ್ ವಿಭಾಗದ ತರಬೇತಿ ನಡೆಯುವುದು ಅಲ್ಲಿ. ಅಡುಗೆ, ಸ್ವಚ್ಛತೆ, ರೇಷನ್ ಲೆಕ್ಕ ಕಲಿಯುವುದು ಅಲ್ಲೇ.

ಕರಾವಳಿಯ ಹುಡುಗರಿಗೆ ಅಲ್ಲಿ ಕಾಡುವುದು ಗೋಧಿ ಹಿಟ್ಟು. ನಾವು ಅನ್ನದವರು. ನೀರು ದೋಸೆ ಎರೆಯಲು ಬರುತ್ತದೆ, ಚಪಾತಿ ಹಿಟ್ಟು ನಾದಲು ತೋಳು ಸೋಲುತ್ತದೆ. ಒಂದು ಕಿಲೋ ಹಿಟ್ಟಿಗೆ ಸುಮಾರು 30 ಚಪಾತಿ. 300 ಜನಕ್ಕೆ ತಲಾ ನಾಲ್ಕು ಅಂದರೆ 40 ಕಿಲೋ ಹಿಟ್ಟು. ದೊಡ್ಡ ಹಡಗುಗಳಲ್ಲಿ ಯಂತ್ರ ಇದೆ ನಿಜ. ವಿಕ್ರಾಂತ್ 2022ರಲ್ಲಿ ಸೇವೆಗೆ ಸೇರಿದಾಗ, ಅದರ ಅಡುಗೆಮನೆಯ ಯಂತ್ರ ಗಂಟೆಗೆ 3,000 ಚಪಾತಿ ಮಾಡುತ್ತದೆ ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಆದರೆ ಸಣ್ಣ ಹಡಗಿನಲ್ಲಿ ನಿಮ್ಮ ಕೈಯೇ ಯಂತ್ರ. ಈಗಿನಿಂದಲೇ ಮನೆಯಲ್ಲಿ ವಾರಕ್ಕೆ ಎರಡು ದಿನ ಹಿಟ್ಟು ನಾದಿ ಅಭ್ಯಾಸ ಮಾಡಿ.

ಹಡಗಿನಲ್ಲಿ ಒಂದು ದಿನ ಹೇಗಿರುತ್ತದೆ?

ಹಡಗಿನ ಅಡುಗೆಮನೆಗೆ ಗ್ಯಾಲಿ ಅನ್ನುತ್ತಾರೆ. ನಾನಿದ್ದ ಹಡಗಿನಲ್ಲಿ ನಾವು ಎರಡು ತಂಡ. ಬೆಳಗ್ಗೆ ಮೂರೂವರೆಗೆ ಏಳುವುದು. ಯಾಕೆಂದರೆ ನಾಲ್ಕು ಗಂಟೆಗೆ ಪಾಳಿ ಬದಲಾಗುತ್ತದೆ. ಮೇಲೆ ಗಾಳಿಯಲ್ಲಿ ನಿಂತು ಬಂದವನಿಗೂ, ಹೋಗುವವನಿಗೂ ಬಿಸಿ ಚಹಾ ಬೇಕು. ಆಮೇಲೆ ತಿಂಡಿ. ಪೂರಿ ಭಾಜಿ, ಇಡ್ಲಿ, ಬ್ರೆಡ್ಡು ಮೊಟ್ಟೆ, ದಿನಕ್ಕೊಂದು. ಹತ್ತು ಗಂಟೆ ಹೊತ್ತಿಗೆ ಸ್ಟ್ಯಾಂಡ್ ಈಸಿ, ಅಂದರೆ ಸಣ್ಣ ಬಿಡುವು, ಮತ್ತೆ ಚಹಾ. ಮಧ್ಯಾಹ್ನದ ಊಟ. ಸಂಜೆ ಚಹಾ, ಕರಿದದ್ದು ಏನಾದರೂ. ರಾತ್ರಿ ಊಟ. ಮಧ್ಯರಾತ್ರಿ ಪಾಳಿಯವರಿಗೆ ಪುನಃ ಏನಾದರೂ.

ಊಟ ಬಡಿಸುವ ಮುಂಚೆ ಡ್ಯೂಟಿ ಅಧಿಕಾರಿ ಬಂದು ರುಚಿ ನೋಡುತ್ತಾರೆ. ನಿಮ್ಮ ಉಗುರು, ಕೈಯನ್ನೂ ನೋಡುತ್ತಾರೆ. ಕೈಯಲ್ಲಿ ಹುಣ್ಣಿದ್ದರೆ, ಹೊಟ್ಟೆ ಕೆಟ್ಟಿದ್ದರೆ ಗ್ಯಾಲಿಗೆ ಬಿಡುವುದಿಲ್ಲ. ಒಂದು ಹಡಗಿನಲ್ಲಿ ಊಟ ವಿಷವಾದರೆ ಇಡೀ ಹಡಗೇ ಮಲಗಿಬಿಡುತ್ತದೆ ಅಲ್ವಾ? ಅದಕ್ಕೆ ಇಷ್ಟು ಬಿಗಿ.

ರೇಷನ್ ಲೆಕ್ಕವೂ ನಿಮ್ಮದೇ. ತಲೆಗೆ ಇಷ್ಟು ಗ್ರಾಂ ಅಂತ ಪಟ್ಟಿ ಇರುತ್ತದೆ. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ಎಲ್ಲದಕ್ಕೂ. ಪುಸ್ತಕದಲ್ಲಿ ಬರೆದದ್ದು ಡಬ್ಬದಲ್ಲಿ ಇರಬೇಕು. ಹತ್ತನೇ ತರಗತಿಯ ಗಣಿತ ಯಾಕೆ ಅಂತ ಕೇಳುವವರಿಗೆ ಇದೇ ಉತ್ತರ.

ಮನೆಯಲ್ಲಿ ನಾಲ್ಕು ಜನಕ್ಕೆ ಅಡುಗೆ ಮಾಡಲು ಬರುತ್ತದೆ. ಅದನ್ನೇ 75 ಪಟ್ಟು ಮಾಡಿದರೆ 300 ಜನಕ್ಕೆ ಆಯಿತಲ್ಲ?

ಆಗುವುದಿಲ್ಲ. ಹೊಸಬರು ಎಡವುವುದು ಇಲ್ಲೇ.

ಅಕ್ಕಿ, ಬೇಳೆ, ತರಕಾರಿಯನ್ನು ಗುಣಿಸಬಹುದು. ಉಪ್ಪು, ಖಾರ, ಹುಳಿ, ಒಗ್ಗರಣೆಯನ್ನು ಹಾಗೆ ಗುಣಿಸಬಾರದು. ಲೆಕ್ಕದ ಮುಕ್ಕಾಲು ಪಾಲು ಹಾಕಿ, ಕುದಿ ಬಂದ ಮೇಲೆ ರುಚಿ ನೋಡಿ ಉಳಿದದ್ದು ಹಾಕಬೇಕು. ಜಾಸ್ತಿಯಾದ ಮೆಣಸಿನ ಹುಡಿಯನ್ನು ವಾಪಸ್ ತೆಗೆಯಲು ಆಗುವುದಿಲ್ಲ.

ನೀರೂ ಹಾಗೆ. ಸಣ್ಣ ಪಾತ್ರೆಯಲ್ಲಿ ನೀರು ಬೇಗ ಆರುತ್ತದೆ. ದೊಡ್ಡ ಪಾತ್ರೆಯಲ್ಲಿ ಆರುವುದು ಕಡಿಮೆ. ಮನೆಯ ಅಳತೆಯಲ್ಲೇ ನೀರು ಹಾಕಿದರೆ ಅನ್ನ ಮುದ್ದೆಯಾಗುತ್ತದೆ. ಇನ್ನೊಂದು, ದೊಡ್ಡ ಪಾತ್ರೆ ಒಲೆ ಆರಿಸಿದ ಮೇಲೂ ಬೇಯಿಸುತ್ತಲೇ ಇರುತ್ತದೆ. 50 ಲೀಟರ್ ಸಾಂಬಾರಿನ ಬಿಸಿ ಇಳಿಯಲು ತುಂಬಾ ಹೊತ್ತು ಬೇಕು. ತರಕಾರಿ ಪೂರ್ತಿ ಬೇಯುವ ಮುಂಚೆಯೇ ಒಲೆ ಆರಿಸಬೇಕು. ಬಡಿಸುವ ಹೊತ್ತಿಗೆ ಅದು ಸರಿಯಾಗಿ ಬಂದಿರುತ್ತದೆ.

ನೀವು ಇದನ್ನು ಕಲಿಯಲು ಮುಂಬೈಗೆ ಹೋಗಬೇಕಾಗಿಲ್ಲ. ನಮ್ಮ ಊರಿನ ಯಾವುದೇ ದೇವಸ್ಥಾನದ ಅನ್ನಸಂತರ್ಪಣೆಗೆ ಹೋಗಿ. ಎಲೆ ಮುಂದೆ ಕೂರುವ ಬದಲು ಹಿಂದೆ ಕೊಪ್ಪರಿಗೆಯ ಹತ್ತಿರ ನಿಲ್ಲಿ. ಅಡುಗೆ ಭಟ್ಟರು ಉಪ್ಪನ್ನು ಯಾವಾಗ ಹಾಕುತ್ತಾರೆ, ಬೆಂಕಿಯಿಂದ ಕಟ್ಟಿಗೆ ಯಾವಾಗ ಎಳೆಯುತ್ತಾರೆ ನೋಡಿ. ನಾನು ಹುಡುಗನಾಗಿದ್ದಾಗ ಪರ್ಯಾಯದ ದಿನಗಳಲ್ಲಿ ಹೊರೆಕಾಣಿಕೆಯ ತರಕಾರಿ ಹೆಚ್ಚಲು ಹೋಗುತ್ತಿದ್ದೆ. ರಾಶಿ ಕುಂಬಳಕಾಯಿಯ ಮುಂದೆ ಕೂತು ಹೆದರದೆ ಹೆಚ್ಚುವುದನ್ನು ಅಲ್ಲೇ ಕಲಿತದ್ದು. ಮುಂದೆ ಹಡಗಿನಲ್ಲಿ ಎಷ್ಟು ಚೀಲ ಈರುಳ್ಳಿ ಕಂಡರೂ ಎದೆ ಡವಗುಟ್ಟಲಿಲ್ಲ.

ಸಮುದ್ರ ಎದ್ದಾಗ ಅಡುಗೆ ಮಾಡುವುದು ಹೇಗೆ?

ಮಳೆಗಾಲದ ಅರಬ್ಬಿ ಸಮುದ್ರವನ್ನು ಮೀನುಗಾರರ ಮನೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಜೂನ್, ಜುಲೈ 61 ದಿನ ನಮ್ಮ ಬೋಟುಗಳು ದಡದಲ್ಲಿರುತ್ತವೆ. ಯುದ್ಧನೌಕೆಗೆ ಆ ರಜೆ ಇಲ್ಲ.

ಒಲೆಯ ಸುತ್ತ ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ, ಪಾತ್ರೆ ಜಾರದಂತೆ. ಯುದ್ಧನೌಕೆಯಲ್ಲಿ ಗ್ಯಾಸಿನ ಬೆಂಕಿ ಇರುವುದಿಲ್ಲ, ಕರೆಂಟಿನ ಒಲೆ, ಹಬೆಯ ಪಾತ್ರೆ. ಆದರೂ ಬಿಸಿ ಬಿಸಿಯೇ. ನನ್ನ ಎರಡನೇ ವರ್ಷ. ಜುಲೈ ತಿಂಗಳು. ಬೇಗ ಮುಗಿಸುವ ಆಸೆಯಲ್ಲಿ ಸಾರಿನ ಪಾತ್ರೆಯನ್ನು ಕುತ್ತಿಗೆವರೆಗೆ ತುಂಬಿಸಿದ್ದೆ. ಹಡಗು ತಿರುಗುತ್ತದೆ ಅಂತ ಮೈಕಿನಲ್ಲಿ ಹೇಳಿದ್ದೂ ಕೇಳಿಸಿತ್ತು. ಆದರೂ ಪಾತ್ರೆ ಹಿಡಿಯಲು ಹೋದೆ. ಎಡಗೈ ಮೇಲೆ ಸಾರು ಸುರಿಯಿತು. ಆ ಕಲೆ ಈಗಲೂ ಇದೆ. ತಪ್ಪು ನನ್ನದೇ.

ನಮ್ಮ ಹಿರಿಯ ಕುಕ್ ಅವತ್ತು ಬೈಯಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟಿಸಿ ಬಂದವರು ಮೂರು ಮಾತು ಹೇಳಿದರು. ಅಲೆ ಇದ್ದಾಗ ಪಾತ್ರೆ ಅರ್ಧಕ್ಕಿಂತ ಮೇಲೆ ತುಂಬಬೇಡ. ಬೀಳುವ ಪಾತ್ರೆಯನ್ನು ಹಿಡಿಯಲು ಹೋಗಬೇಡ, ದೂರ ಸರಿ. ಕರಿಯುವುದನ್ನು ಪೂರ್ತಿ ನಿಲ್ಲಿಸು. ಅಂಥ ದಿನ ಖಿಚಡಿ, ಬೇಯಿಸಿದ ಮೊಟ್ಟೆ, ಬ್ರೆಡ್ಡು, ಕೈಯಲ್ಲಿ ಹಿಡಿದು ತಿನ್ನುವಂಥದ್ದು ಮಾಡಬೇಕು. ಅನ್ನದ ಗಂಜಿ ಬಸಿಯುವುದು ನಮ್ಮ ಮನೆಗಳಲ್ಲಿ ದಿನದ ಅಭ್ಯಾಸ. ಓಲಾಡುವ ನೆಲದ ಮೇಲೆ ಅದನ್ನು ಮಾಡಲೇಬಾರದು.

ಎಣ್ಣೆಗೆ ಬೆಂಕಿ ಹಿಡಿದರೆ ನೀರು ಹಾಕಬಾರದು. ಕರೆಂಟ್ ಆರಿಸಿ, ಮುಚ್ಚಳ ಅಥವಾ ಬೆಂಕಿ ಕಂಬಳಿ ಮುಚ್ಚಿ, ಕೂಗಿ ತಿಳಿಸಬೇಕು. ಇದನ್ನು ಮನೆಯಲ್ಲಿರುವವರೂ ನೆನಪಿಡಿ.

ಹೊಟ್ಟೆ ತೊಳೆಸುವುದಿಲ್ವಾ?

ತೊಳೆಸುತ್ತದೆ. ಮಲ್ಪೆಯಲ್ಲಿ ಹುಟ್ಟಿದವನಿಗೂ ತೊಳೆಸುತ್ತದೆ. ಬೋಟಿನ ಡೆಕ್ಕಿನಲ್ಲಿ ಗಾಳಿ ಇರುತ್ತದೆ, ದಿಗಂತ ಕಾಣುತ್ತದೆ. ಗ್ಯಾಲಿಯಲ್ಲಿ ಕಿಟಕಿ ಇಲ್ಲ, ಎಣ್ಣೆ ವಾಸನೆ ಬೇರೆ. ನಾನು ಮೊದಲ ನಾಲ್ಕು ದಿನ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಈರುಳ್ಳಿ ಹೆಚ್ಚಿದೆ.

ಖಾಲಿ ಹೊಟ್ಟೆ ಇಡಬೇಡಿ. ಒಣ ಚಪಾತಿ, ಬಿಸ್ಕತ್ತು, ಶುಂಠಿ ಚೂರು ಬಾಯಲ್ಲಿರಲಿ. ಬಿಡುವು ಸಿಕ್ಕಿದಾಗ ಮೇಲೆ ಹೋಗಿ ದೂರದ ಗೆರೆ ನೋಡಿ. ಬಹುತೇಕರಿಗೆ ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಇದನ್ನು ಯಾರೂ ನಾಚಿಕೆ ಅಂತ ಮುಚ್ಚಿಡಬಾರದು. ಹಿರಿಯರಿಗೆ ಹೇಳಿ, ಮಾತ್ರೆ ಕೊಡುತ್ತಾರೆ.

ಆಳಸಮುದ್ರ ಬೋಟಿನಲ್ಲಿ ಹತ್ತು ಹನ್ನೆರಡು ದಿನ ಹೋಗಿ, ತಾಂಡೇಲರಿಗೂ ಕಲಾಸಿಗಳಿಗೂ ಅಡುಗೆ ಮಾಡಿದ ಹುಡುಗರು ನಮ್ಮಲ್ಲಿದ್ದಾರೆ. ಅವರಿಗೆ ಈ ಕೆಲಸದ ಅರ್ಧ ಈಗಾಗಲೇ ಗೊತ್ತು.

ತರಕಾರಿ ಎಷ್ಟು ದಿನ ಇರುತ್ತದೆ?

ಹೊರಡುವ ಹಿಂದಿನ ದಿನ ತಾಜಾ ತರಕಾರಿ ಹತ್ತಿಸುತ್ತಾರೆ. ಯಾವುದು ಮೊದಲು, ಯಾವುದು ಕೊನೆಗೆ ಅನ್ನುವುದೇ ಕುಕ್‌ನ ಜಾಣತನ. ಹರಿವೆ, ಬಸಳೆಯಂಥ ಸೊಪ್ಪು ಮೊದಲ ಎರಡು ಮೂರು ದಿನ. ಆಮೇಲೆ ಬೀನ್ಸ್, ಬದನೆ, ತೊಂಡೆ. ಆಮೇಲೆ ಎಲೆಕೋಸು, ಕ್ಯಾರೆಟ್. ಕೊನೆಗೆ ಕುಂಬಳ, ಬಟಾಟೆ, ಈರುಳ್ಳಿ. ಅದೂ ಮುಗಿದರೆ ಡಬ್ಬದ್ದು, ಒಣಗಿಸಿದ್ದು, ಕಾಳುಗಳು.

ನಮ್ಮ ಅಜ್ಜಿಯಂದಿರು ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ನೇತುಹಾಕುತ್ತಿದ್ದರು. ಮಳೆಗಾಲ ಪೂರ್ತಿ ಕೆಡುತ್ತಿರಲಿಲ್ಲ. ಒಂದಕ್ಕೊಂದು ತಾಗದೆ, ಗಾಳಿಯಾಡುತ್ತಾ ಇದ್ದರೆ ಕಾಯಿ ಉಳಿಯುತ್ತದೆ. ಒಂದು ಸಲ ನಾನು ಕುಂಬಳಕಾಯಿಗಳನ್ನು ಹಾಗೇ ಬಲೆಯಲ್ಲಿ ತೂಗುಹಾಕಿದೆ. ರಾಶಿ ಹಾಕಿದ್ದಕ್ಕಿಂತ ಎಷ್ಟೋ ದಿನ ಜಾಸ್ತಿ ಬಂತು. ಅಜ್ಜಿಗೆ ಪತ್ರ ಬರೆದು ತಿಳಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಪಕ್ಕದ ಮನೆಯವರಿಂದ ಮೂರು ಸಲ ಓದಿಸಿಕೊಂಡರಂತೆ.

ನಮ್ಮ ಊರಿನ ಅಡುಗೆ ಮಾಡಲು ಬಿಡುತ್ತಾರಾ?

ಮೆನು ಮೊದಲೇ ನಿರ್ಧಾರ ಆಗಿರುತ್ತದೆ. ಪಂಜಾಬಿನವರು, ಬಂಗಾಳದವರು, ಕೇರಳದವರು, ಮಣಿಪುರದವರು ಎಲ್ಲರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿಯುತ್ತಾರೆ. ರಾಜ್ಮಾ, ಆಲೂ ಗೋಬಿ, ದಾಲ್ ನಿಮ್ಮ ಕೈಗೆ ಚೆನ್ನಾಗಿ ಬರಬೇಕು. ನಾನು ಮೊದಲು ಸಾಂಬಾರಿಗೆ ನಮ್ಮಲ್ಲಿಯ ಹಾಗೆ ಬೆಲ್ಲ ಹಾಕಿದಾಗ ತಮಿಳುನಾಡಿನ ಗೆಳೆಯರು ತಟ್ಟೆ ವಾಪಸ್ ತಂದರು. ಆಮೇಲೆ ಬೆಲ್ಲ ಅರ್ಧಕ್ಕೆ ಇಳಿಸಿದೆ, ಪೂರ್ತಿ ಬಿಡಲು ಮನಸ್ಸು ಬರಲಿಲ್ಲ.

ದಡದಲ್ಲಿರುವಾಗ ಅವಕಾಶ ಜಾಸ್ತಿ. ಡಿಸೆಂಬರ್ 4ರ ನೌಕಾಪಡೆ ದಿನದ ಸುತ್ತಮುತ್ತ ಬಡಾ ಖಾನಾ ಇರುತ್ತದೆ. ಅಧಿಕಾರಿ, ನಾವಿಕರು ಒಟ್ಟಿಗೆ ಕೂತು ಉಣ್ಣುವ ಊಟ. ಕಾರವಾರದಲ್ಲಿದ್ದಾಗ ಒಂದು ವರ್ಷ ಕೋರಿ ರೊಟ್ಟಿ ಮಾಡಿದೆವು. ರೊಟ್ಟಿ ಮಂಗಳೂರಿನಿಂದ ತರಿಸಿದ್ದು. ಹರಿಯಾಣದ ಒಬ್ಬ ಅದನ್ನು ಹಪ್ಪಳ ಅಂದುಕೊಂಡು ಒಣದೇ ತಿಂದ. ಗಸಿ ಹೊಯ್ದು ಕೊಟ್ಟ ಮೇಲೆ ಮೂರು ಸಲ ಬಂದ.

ಹಡಗಿನಲ್ಲಿ ದೋಸೆ ಕಷ್ಟ. 300 ಜನಕ್ಕೆ ಒಂದೊಂದೇ ಎರೆಯುತ್ತಾ ನಿಂತರೆ ಮಧ್ಯಾಹ್ನ ಆಗುತ್ತದೆ. ಇಡ್ಲಿಯೇ ವಾಸಿ. ಆದರೆ ಗ್ಯಾಲಿಯ ಸೆಕೆಗೆ ಹಿಟ್ಟು ಬೇಗ ಉಬ್ಬುತ್ತದೆ. ಪಾತ್ರೆಯಲ್ಲಿ ಅರ್ಧ ಜಾಗ ಬಿಡಿ.

ಕನ್ನಡ ಮೀಡಿಯಂ ಓದಿದ್ದೇನೆ. ಹಿಂದಿ ಬರುವುದಿಲ್ಲ.

ನನಗೂ ಬರುತ್ತಿರಲಿಲ್ಲ. ಆರು ತಿಂಗಳಲ್ಲಿ ಬಂತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಕೊಂಕಣಿ, ಬ್ಯಾರಿ ಕೇಳಿ ಬೆಳೆದ ಕಿವಿ ನಮ್ಮದು. ಇನ್ನೊಂದು ಭಾಷೆ ಕಷ್ಟ ಅಲ್ಲ. ಸಾಮಾನುಗಳ ಹಿಂದಿ ಹೆಸರು ಮಾತ್ರ ಮೊದಲೇ ಬಾಯಿಪಾಠ ಮಾಡಿ.

ಹೆಣ್ಣುಮಕ್ಕಳು ಸೇರಬಹುದಾ?

ಸೇರಬಹುದು. ಪ್ರಕಟಣೆಯಲ್ಲಿ ಮಹಿಳೆಯರಿಗೂ ಅವಕಾಶ ಕೊಡುತ್ತಾರೆ. ಅಗ್ನಿವೀರರ ಮೊದಲ ಬ್ಯಾಚಿನ ನಿರ್ಗಮನ ಪಥಸಂಚಲನ 2023ರ ಮಾರ್ಚ್ 28ರಂದು ಚಿಲ್ಕಾದಲ್ಲಿ ನಡೆಯಿತು. ಅದರಲ್ಲಿ ಹೆಣ್ಣುಮಕ್ಕಳೂ ಇದ್ದರು. ಅವರಿಗೆ 1.6 ಕಿಲೋಮೀಟರ್ ಓಟಕ್ಕೆ 8 ನಿಮಿಷ.

ಸಬ್‌ಮರೀನಿನಲ್ಲೂ ಕುಕ್ ಇರುತ್ತಾರಾ?

ಇರುತ್ತಾರೆ. ಅಲ್ಲಿ ಬೇರೆ ತರಬೇತಿ ಬೇಕು, ಅದು ವಿಶಾಖಪಟ್ಟಣದ ಐಎನ್‌ಎಸ್ ಶಾತವಾಹನದಲ್ಲಿ. ನಾನು ಸಬ್‌ಮರೀನಿನಲ್ಲಿ ಕೆಲಸ ಮಾಡಿಲ್ಲ. ಅಲ್ಲಿದ್ದ ಗೆಳೆಯರು ಹೇಳುತ್ತಿದ್ದದ್ದು ಒಂದೇ. ನೀರಿನಡಿ ಹೋದ ಮೇಲೆ ಒಗ್ಗರಣೆಯ ಘಾಟು ಹೊರಗೆ ಹೋಗುವುದಿಲ್ಲ, ಅದಕ್ಕೆ ಕೈ ಬಿಗಿ ಹಿಡಿದು ಅಡುಗೆ ಮಾಡಬೇಕು.

ಸಂಬಳ ಎಷ್ಟು? ನಾಲ್ಕು ವರ್ಷ ಆದ ಮೇಲೆ ಗತಿ ಏನು?

ಇದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು.

2022ರ ಜೂನ್‌ನಲ್ಲಿ ಅಗ್ನಿಪಥ್ ಯೋಜನೆ ಬಂತು. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಆಮೇಲೆ 33,000, 36,500, ನಾಲ್ಕನೇ ವರ್ಷ 40,000. ಇದರಲ್ಲಿ ಶೇಕಡಾ 30 ನಿಧಿಗೆ ಹೋಗುತ್ತದೆ. ಅಂದರೆ ಮೊದಲ ವರ್ಷ ಕೈಗೆ ಬರುವುದು 21,000. ಸರ್ಕಾರವೂ ಅಷ್ಟೇ ಹಣ ಹಾಕುತ್ತದೆ. ನಾಲ್ಕು ವರ್ಷಕ್ಕೆ ಎರಡೂ ಸೇರಿ ಸುಮಾರು 10.04 ಲಕ್ಷ ಮತ್ತು ಬಡ್ಡಿ. ಇದಕ್ಕೆ ತೆರಿಗೆ ಇಲ್ಲ. ಸೇವೆಯಲ್ಲಿರುವಷ್ಟು ಕಾಲ 48 ಲಕ್ಷದ ವಿಮೆ ಇದೆ. ವರ್ಷಕ್ಕೆ 30 ದಿನ ರಜೆ.

ನಾಲ್ಕು ವರ್ಷದ ಕೊನೆಗೆ ಶೇಕಡಾ 25ರವರೆಗೆ ಮಾತ್ರ ಖಾಯಂ ಮಾಡಿಕೊಳ್ಳುತ್ತಾರೆ. ಉಳಿದವರಿಗೆ ಪಿಂಚಣಿ ಇಲ್ಲ. ನಾನು ಸೇರಿದಾಗ ಮೊದಲ ಅವಧಿಯೇ 15 ವರ್ಷ, ಅದು ಮುಗಿದರೆ ಪಿಂಚಣಿ. ಹಾಗಾಗಿ ನನ್ನ ಬದುಕು ನೋಡಿ ನಿಮ್ಮ ಲೆಕ್ಕ ಹಾಕಬೇಡಿ. ಹೊರಗೆ ಬರುವಾಗ ನಿಮಗೆ ಇಪ್ಪತ್ತೊಂದೂವರೆಯಿಂದ 25 ವರ್ಷ. ಕೈಯಲ್ಲಿ ದುಡ್ಡು, ಮೈಯಲ್ಲಿ ಶಿಸ್ತು, 300 ಜನಕ್ಕೆ ಬೇಯಿಸುವ ವಿದ್ಯೆ ಇರುತ್ತದೆ. ಅದರಿಂದ ಏನು ಮಾಡುತ್ತೀರಿ ಅಂತ ಮೊದಲ ವರ್ಷದಿಂದಲೇ ಯೋಚಿಸುತ್ತಾ ಹೋಗಿ. ಆ ಹಣ ಬಂದ ಕೂಡಲೇ ಬುಲೆಟ್ ಬೈಕ್ ತೆಗೆದುಕೊಳ್ಳುತ್ತೇನೆ ಅನ್ನುವ ಹುಡುಗರ ಮಾತು ಕೇಳಿದಾಗ ನನಗೆ ಸಂಕಟ ಆಗುತ್ತದೆ.

ಕೋಸ್ಟ್ ಗಾರ್ಡ್, ಮರ್ಚೆಂಟ್ ನೇವಿ? ಅವು ಒಳ್ಳೆಯದಾ?

ಕೋಸ್ಟ್ ಗಾರ್ಡ್ ನಮ್ಮ ಪಣಂಬೂರಿನಲ್ಲೇ ಇದೆ. ಅಲ್ಲಿ ನಾವಿಕ್ ಡೊಮೆಸ್ಟಿಕ್ ಬ್ರಾಂಚ್ ಅಂತ ಅಡುಗೆಯವರನ್ನು, ಸ್ಟೀವರ್ಡರನ್ನು ತೆಗೆದುಕೊಳ್ಳುತ್ತಾರೆ. ಹತ್ತನೇ ತರಗತಿ ಪಾಸಾಗಿರಬೇಕು. ವಯಸ್ಸು 18ರಿಂದ 22. ಕೋಸ್ಟ್ ಗಾರ್ಡ್ ಅಗ್ನಿಪಥ್‌ನೊಳಗೆ ಬರುವುದಿಲ್ಲ. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಪ್ರಕಟಣೆ ಬಂದರೆ ಎರಡಕ್ಕೂ ಅರ್ಜಿ ಹಾಕಿ.

ಮರ್ಚೆಂಟ್ ನೇವಿ ಸೈನ್ಯ ಅಲ್ಲ, ಕಂಪನಿ ಹಡಗು. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಹತ್ತು ಅಥವಾ ಹೆಚ್ಚು ಸಿಬ್ಬಂದಿ ಇರುವ ಹಡಗಿಗೆ ಅರ್ಹತೆ ಪಡೆದ ಕುಕ್ ಬೇಕೇ ಬೇಕು. 18 ತುಂಬಿರಬೇಕು. ಸಿಡಿಸಿ ಪುಸ್ತಕ (ನಾವಿಕನ ಗುರುತು ಮತ್ತು ಸೇವೆಯ ದಾಖಲೆ), ಸುರಕ್ಷತಾ ಕೋರ್ಸುಗಳು, ಕುಕ್ ಪ್ರಮಾಣಪತ್ರ ಬೇಕು. ದುಡ್ಡು ಜಾಸ್ತಿ, ಕೆಲಸ ಒಪ್ಪಂದದ ಮೇಲೆ.

ಇಲ್ಲಿ ಒಂದು ಎಚ್ಚರಿಕೆ. ನೇವಿಗೆ, ಕೋಸ್ಟ್ ಗಾರ್ಡಿಗೆ ಯಾವ ಏಜೆಂಟೂ ಇಲ್ಲ. ಮರ್ಚೆಂಟ್ ನೇವಿಯಲ್ಲೂ ಕೆಲಸ ಕೊಡಿಸಲು ನಾವಿಕನಿಂದ ಹಣ ತೆಗೆದುಕೊಳ್ಳಬಾರದು ಅಂತ ಅಂತಾರಾಷ್ಟ್ರೀಯ ನಿಯಮವೇ ಇದೆ. ನನ್ನ ತಂಗಿಯ ಮಗನೇ ಒಬ್ಬ ಏಜೆಂಟನಿಗೆ ಎರಡೂವರೆ ಲಕ್ಷ ಕೊಟ್ಟ. ತಂಗಿಯ ಬಳೆ ಅಡವಿಟ್ಟ ಹಣ ಅದು. ಅವನಿಗೆ ಸಿಕ್ಕಿದ್ದು ಒಂದು ನಕಲಿ ಪತ್ರ, ಮುಂಬೈಯ ಲಾಡ್ಜಿನಲ್ಲಿ 40 ದಿನ. ನನ್ನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ದಯವಿಟ್ಟು ದುಡ್ಡು ಕೊಡುವ ಮುಂಚೆ ಯಾರನ್ನಾದರೂ ಕೇಳಿ.

ಅಡುಗೆ ಕೆಲಸ ಅಂದರೆ ಊರಿನಲ್ಲಿ ಮರ್ಯಾದೆ ಇರುತ್ತದಾ? ಮದುವೆಗೆ ತೊಂದರೆ ಆಗಲ್ವಾ?

ಹುಡುಗರು ಇದನ್ನು ಎಲ್ಲರ ಮುಂದೆ ಕೇಳುವುದಿಲ್ಲ. ಕೊನೆಗೆ, ಒಬ್ಬರೇ ಇರುವಾಗ ಕೇಳುತ್ತಾರೆ.

ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಊರೂರಿನ ಬೋರ್ಡಿನ ಮೇಲೆ ಉಡುಪಿ ಹೋಟೆಲ್ ಅಂತ ಹೆಸರು ಬಂದದ್ದು ಅಡುಗೆ ಮಾಡುವ ಕೈಗಳಿಂದ. ಹೊಗೆಯಲ್ಲಿ ನಿಂತು, ಪಾತ್ರೆ ತೊಳೆದು, ದುಡ್ಡು ಉಳಿಸಿ ತಮ್ಮಂದಿರನ್ನು ಓದಿಸಿದವರು ನಮ್ಮ ಅಜ್ಜಂದಿರು. ಅಂಥ ಜಿಲ್ಲೆಯ ಹುಡುಗ ನೇವಿಯಲ್ಲಿ ಕುಕ್ ಅಂತ ಹೇಳಲು ಧ್ವನಿ ತಗ್ಗಿಸುವುದು ಯಾಕೆ?

1946ರ ಫೆಬ್ರವರಿ 18ರಂದು ಮುಂಬೈಯ ತಲ್ವಾರ್ ಕೇಂದ್ರದಲ್ಲಿ ಭಾರತೀಯ ನಾವಿಕರು ಊಟ ನಿರಾಕರಿಸಿದರು. ಬ್ರಿಟಿಷರ ಅವಮಾನ ಇತ್ತು, ಸಂಬಳದ ತಾರತಮ್ಯ ಇತ್ತು. ಆದರೆ ಅವತ್ತು ಕಿಡಿ ಹತ್ತಿದ್ದು ಕೆಟ್ಟ ಊಟದಿಂದ. 78 ಹಡಗು, ಸುಮಾರು 20,000 ನಾವಿಕರಿಗೆ ಆ ಬಂಡಾಯ ಹಬ್ಬಿತು. ತಟ್ಟೆಯಲ್ಲಿ ಏನು ಬೀಳುತ್ತದೆ ಅನ್ನುವುದು ಸೈನ್ಯದಲ್ಲಿ ಸಣ್ಣ ವಿಷಯ ಅಲ್ಲ. ತಿಂಗಳುಗಟ್ಟಲೆ ಮನೆ ನೋಡದವನಿಗೆ ದಿನದಲ್ಲಿ ಕಾಯುವಂಥದ್ದು ಇರುವುದೇ ಊಟದ ಹೊತ್ತು.

ಮದುವೆ ವಿಷಯ. ಒಂದು ಕಡೆ ಕೆಲಸ ಕೇಳಿ ಬೇಡ ಅಂದರು. ಇನ್ನೊಂದು ಕಡೆಯ ಹುಡುಗಿ "ಹಾಗಾದರೆ ಮನೆಯಲ್ಲಿ ನೀವೂ ಅಡುಗೆ ಮಾಡ್ತೀರಾ?" ಅಂತ ಕೇಳಿದಳು. ಮಾಡುತ್ತೇನೆ ಅಂದೆ. ಮದುವೆ ಆಗಿ ಇಪ್ಪತ್ತು ವರ್ಷ ದಾಟಿತು. ರಜೆಗೆ ಬಂದಾಗೆಲ್ಲ ಭಾನುವಾರದ ಬಂಗುಡೆ ಪುಳಿಮುಂಚಿ ನನ್ನದೇ.

ಅಗ್ನಿವೀರರು ಮಾತ್ರ ಆ ನಾಲ್ಕು ವರ್ಷದಲ್ಲಿ ಮದುವೆ ಆಗುವಂತಿಲ್ಲ. ಅದನ್ನು ಮನೆಯವರಿಗೂ ಹೇಳಿಡಿ.

ಅಮ್ಮಂದಿರು ಕೇಳುವುದು: "ಅಣ್ಣ, ನನ್ನ ಮಗ ಅಲ್ಲಿ ಹೊಟ್ಟೆ ತುಂಬ ಉಣ್ತಾನಾ?"

ಉಣ್ಣುತ್ತಾನೆ ಅಮ್ಮ. ಆದರೆ ಎಲ್ಲರಿಗೂ ಬಡಿಸಿ ಆದ ಮೇಲೆ. ಬಿಸಿಯ ಮುಂದೆ ಗಂಟೆಗಟ್ಟಲೆ ನಿಂತವನಿಗೆ ಅಷ್ಟು ಹೊತ್ತಿಗೆ ಹಸಿವು ಸತ್ತಿರುತ್ತದೆ. ಇದು ನಮ್ಮ ಎಲ್ಲರ ಅನುಭವ. ಅದಕ್ಕೇ ಹೊಸ ಹುಡುಗರಿಗೆ ನಾನು ಹೇಳುವುದು, ಬಡಿಸುವ ಮುಂಚೆ ಒಂದು ಲೋಟ ಮಜ್ಜಿಗೆ ಕುಡಿ, ಉಪ್ಪು ಹಾಕಿ. ಬೆವರಿಗೆ ಅದು ಬೇಕು.

ಅಲ್ಲಿ ಅವನಿಗೆ ಸಿಗುವುದು ಬೆಳ್ತಿಗೆ ಅನ್ನ. ಕುಚ್ಚಲಕ್ಕಿ ನೆನಪಾಗುತ್ತದೆ, ಅದೂ ಜ್ವರ ಬಂದಾಗ ಜಾಸ್ತಿ. ರಜೆಗೆ ಬಂದ ಮೊದಲ ದಿನ ಕೋಳಿ ಸಾರು, ಸಿಹಿ ಅಂತ ತಯಾರಿ ಮಾಡಬೇಡಿ. ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಒಂದು ಸುಟ್ಟ ಒಣಮೀನು. ಅವನೇ ಬಡಿಸಿಕೊಳ್ಳಲು ಎದ್ದರೆ ಕೂರಿಸಿ, ನೀವೇ ಬಡಿಸಿ.